ಡಗನ್ ಎಂಬ ಮುದುಕ ಇರಲೇ ಇಲ್ಲ

ಅತ್ತೆ, ಡಗನ್ ಎಂಬ ಮುದುಕ ಇರಲೇ ಇಲ್ಲ. ಅವನನ್ನು ಹುಟ್ಟಿಸಿದವಳು ನಾನು. ಅವನ ಹೆಸರಿನಲ್ಲಿ ಅಮೆರಿಕದ ಹತ್ತಾರು ಪಬ್ಬುಗಳಲ್ಲಿ ಜನ ಕಾಲು ಕುಟ್ಟಿ ನುಡಿಸುವ ಆ ಹಾಡು ನಿಮ್ಮಮ್ಮ ಕಟ್ಟಿದ್ದು. ನೀವು ಹೇಳಿದ್ದೇ ಸರಿ — ನಾನು ಹೇಳಿದ್ದು ಸುಳ್ಳು.

ಮೊದಲ ಉಸಿರಿಗೇ ಹೇಳಿಬಿಟ್ಟೆ. ಸುತ್ತಿ ಬಳಸಿ ಬರಲು ಹೊರಟರೆ ನಡುವೆ ಎಲ್ಲಾದರೂ ನುಣುಚಿಕೊಳ್ಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಇನ್ನೊಂದು ಮಾತನ್ನೂ ಈಗಲೇ ಹೇಳಬೇಕು. ಆ ದಿನಗಳನ್ನು ನೆನೆದರೆ ನನಗೆ ಇವತ್ತಿಗೂ ಖುಷಿಯೇ ಆಗುತ್ತದೆ. ತಪ್ಪು ಮಾಡಿದ ಕಾಲ ಅಂತ ಮುಖ ಸಣ್ಣ ಮಾಡಿಕೊಂಡು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ತೊಂಬತ್ತರ ದಶಕದ ಆರಂಭ. ಬಾಲ್ಟಿಮೋರ್ ಹತ್ತಿರದ ಎಲಿಕಾಟ್ ಸಿಟಿಯ ನಮ್ಮ ಮನೆಗೆ ನೀವು ಮೊದಲ ಸಲ ಬಂದು ಒಂದು ಬೇಸಿಗೆ ಪೂರ್ತಿ ಇದ್ದಿರಿ. ನಿಮ್ಮ ಮಗ ಬೆಳಗಾದರೆ ಸೇತುವೆಗಳ ಬಿರುಕು ಪರೀಕ್ಷೆ ಮಾಡಲು ಹೊರಟುಬಿಡುತ್ತಿದ್ದರು. ನಾವಿಬ್ಬರೇ. ಚಪಾತಿ ಲಟ್ಟಿಸುತ್ತ ನೀವು ಒಂದು ದಿನ ಉರುಟಣೆ ಹಾಡು ಹಾಡಿದಿರಿ — ಮದುವೆ ಮನೆಯಲ್ಲಿ ಗಂಡು ಹೆಣ್ಣು ಒಬ್ಬರಿಗೊಬ್ಬರು ಅರಿಸಿನ ಹಚ್ಚುವಾಗ ಗಂಡನ್ನು ಗೋಳುಹೊಯ್ದುಕೊಳ್ಳುವ ಹಾಡು. ‘ಕೈಯೇಕೆ ನಡುಗುತ್ತೆ ಮದುಮಗನೆ, ಒಬ್ಬಟ್ಟು ಮುರಿವಾಗ ನಡುಗಲಿಲ್ಲ’ ಅನ್ನುವ ಸಾಲಿಗೆ ನೀವೇ ನಕ್ಕು ಲಟ್ಟಣಿಗೆ ಕೆಳಗಿಟ್ಟಿರಿ. ನಾನು ಒಳಗಿನಿಂದ ಪಿಟೀಲು ತಂದು ಅಡುಗೆಮನೆಯ ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತು ನುಡಿಸಿಕೊಂಡೆ. ಮತ್ತೆ ಹಾಡಿ ಅಂದೆ. ನೀವು ಮತ್ತೆ ಹಾಡಿದಿರಿ. ಚಪಾತಿ ಸೀದುಹೋಯಿತು.

“ಚೆನ್ನಾಗಿ ಬಂತು ಕಣೇ ಸುನಂದಾ,” ಅಂದಿರಿ. “ಆದ್ರೆ ಎಲ್ಲಿ ನುಡಿಸಿದ್ರೂ ಮೊದ್ಲು ನಮ್ಮಮ್ಮನ ಹೆಸ್ರು ಹೇಳ್ಬೇಕು. ಭಾಗೀರಥಮ್ಮ ಕಟ್ಟಿದ್ದು ಅಂತ. ಅವಳಿಗೆ ಬರೆಯೋಕೆ ಬರ್ತಿರ್ಲಿಲ್ಲ. ಒಂದು ಫೋಟೋನೂ ಇಲ್ಲ ಅವಳ್ದು. ಈ ಹಾಡೊಂದೇ ಉಳಿದಿರೋದು.”

ಆಗಲಿ ಅತ್ತೆ ಅಂದೆ. ತಲೆಯನ್ನೂ ಆಡಿಸಿದೆ.

ನೀವು ಊರಿಗೆ ಹೋದಮೇಲೆ ನಮ್ಮ ಪಕ್ಕದ ಬೀದಿಯ ಮಾರೀನ್ ಪರಿಚಯವಾದಳು. ಕಿಟಕಿಯಿಂದ ನನ್ನ ಪಿಟೀಲು ಕೇಳಿಸಿಕೊಂಡು ಒಂದು ಸಂಜೆ ಬಾಗಿಲು ತಟ್ಟಿದ ಹೆಂಗಸು. ಅವಳ ಅಪ್ಪ ಅಮ್ಮ ಐರ್ಲೆಂಡಿನಿಂದ ಬಂದವರು, ಅವಳು ಕೊಳಲು ನುಡಿಸುತ್ತಾಳೆ. ಭಾನುವಾರ ಮಧ್ಯಾಹ್ನ ವಾಷಿಂಗ್ಟನ್ ಹತ್ತಿರದ ಒಂದು ಪಬ್ಬಿನಲ್ಲಿ ಅವರೆಲ್ಲ ಸೇರಿ ಐರಿಷ್ ಸಂಗೀತ ನುಡಿಸುತ್ತಾರೆ, ಅದಕ್ಕೆ ಸೆಷನ್ ಅನ್ನುತ್ತಾರೆ, ನೀನೂ ಬಾ ಅಂದಳು. ಪಬ್ಬು ಅಂದ ಕೂಡಲೇ ನಾನು ನಿಮ್ಮ ಮಗನ ಮುಖ ನೋಡಿದೆ. ಅವರು, “ಹೋಗು ಮಾರಾಯ್ತಿ, ನಾನೇ ಡ್ರೈವ್ ಮಾಡ್ತೀನಿ, ಅಲ್ಲಿ ಫ್ರೈಸ್ ಚೆನ್ನಾಗಿರುತ್ತೆ,” ಅಂದರು. ಅವರಿಗೆ ಸಂಗೀತದಲ್ಲಿ ಎಷ್ಟು ಗಮನ ಅಂತ ನಿಮಗೆ ಗೊತ್ತೇ ಇದೆ — ರಾಷ್ಟ್ರಗೀತೆಯನ್ನೂ ಜನ ಎದ್ದು ನಿಂತಮೇಲೇ ಗುರುತು ಹಿಡಿಯುವವರು.

ಅಲ್ಲಿಗೆ ಹೋದರೆ — ಅತ್ತೆ, ಹೇಗೆ ಹೇಳಲಿ! ವೇದಿಕೆ ಇಲ್ಲ, ಮೈಕು ಇಲ್ಲ, ಮುಂದಿನ ಸಾಲಿನಲ್ಲಿ ಕೂತು ತಪ್ಪು ಹುಡುಕುವ ವಿದ್ವಾಂಸರಿಲ್ಲ. ಒಂದು ಮೇಜಿನ ಸುತ್ತ ಪಿಟೀಲು, ಕೊಳಲು, ಬ್ಯಾಂಜೊ, ಕಾನ್ಸರ್ಟೀನಾ ಅನ್ನುವ ಪುಟ್ಟ ತಿದಿವಾದ್ಯ. ಒಬ್ಬರು ಶುರು ಮಾಡುತ್ತಾರೆ, ಗೊತ್ತಿದ್ದವರೆಲ್ಲ ಜೊತೆಗೂಡುತ್ತಾರೆ. ನನಗೆ ಕುರ್ಚಿಯಲ್ಲಿ ಕೂತು ಪಿಟೀಲು ಹಿಡಿಯಲು ಬರದು. ನೆಲದ ಮೇಲೆ ಕೂರಲೇ ಅಂತ ಕೇಳಿದೆ. ಎಲ್ಲ ಎದ್ದು ಮೇಜು ಸರಿಸಿ ಜಾಗ ಮಾಡಿಕೊಟ್ಟರು. ಚೂಡಿದಾರದಲ್ಲಿ ನಾನು ಬಿಯರ್ ವಾಸನೆಯ ಕಾರ್ಪೆಟ್ಟಿನ ಮೇಲೆ ಕೂತೆ. ಬಡಿಸುವ ಹುಡುಗಿ ತಟ್ಟೆ ಹಿಡಿದು ನನ್ನನ್ನು ದಾಟಿಕೊಂಡೇ ಓಡಾಡಿದಳು. ಮೊದಮೊದಲು ಗಮಕ ಬಿಡಲು ಆಗುತ್ತಿರಲಿಲ್ಲ. “ಸ್ವರ ಚೆನ್ನಾಗಿದೆ, ಆದರೆ ಯಾಕೋ ಚಳಿಗೆ ನಡುಗುತ್ತಿದೆ,” ಅಂತ ಮಾರೀನ್ ನಕ್ಕಳು. ನಾನೂ ನಕ್ಕೆ. ಮದುವೆಯಾಗಿ ಈ ದೇಶಕ್ಕೆ ಬಂದಮೇಲೆ ಹೊರಗಿನ ಜನರ ಮಧ್ಯೆ ಅಷ್ಟು ನಕ್ಕದ್ದು ಅದೇ ಮೊದಲು.

ಅಲ್ಲಿನ ಪದ್ಧತಿಯನ್ನು ಮಾರೀನ್ ಅವತ್ತೇ ತಿಳಿಸಿದಳು. ಕಾಗದ ನೋಡಿ ನುಡಿಸುವಂತಿಲ್ಲ, ಕಿವಿಯಿಂದ ಕಲಿಯಬೇಕು. ಹೊಸ ಹಾಡು ನುಡಿಸಿದವರನ್ನು ‘ಯಾರಿಂದ ಬಂತು’ ಅಂತ ಕೇಳುತ್ತಾರೆ, ಕಲಿಸಿದವರ ಹೆಸರು ಹೇಳಬೇಕು. ಹಾಡಿಗೆ ಬೇರೆ ಹೆಸರಿಲ್ಲದಿದ್ದರೆ ಆ ಮನುಷ್ಯರ ಹೆಸರೇ ಹಾಡಿಗೆ ನಿಲ್ಲುತ್ತದೆ. ಹಾಗೆ ಎಷ್ಟೋ ಜನ ಸತ್ತು ಮಣ್ಣಾದವರ ಹೆಸರು ಇವತ್ತಿಗೂ ಮೇಜಿನ ಸುತ್ತ ಓಡಾಡುತ್ತದೆ ಅಂದಳು. ನೀವು ಹೇಳಿದ್ದೂ ಅದೇ ತಾನೆ? ಅಂದರೆ ನನಗೆ ಗೊತ್ತಿತ್ತು. ಎರಡೂ ಕಡೆಯ ಪದ್ಧತಿ ನನಗೆ ಚೆನ್ನಾಗಿಯೇ ಗೊತ್ತಿತ್ತು.

ಆಮೇಲೆ ಶುರುವಾಯಿತು ನಮ್ಮ ತಿರುಗಾಟ. ನಿಮ್ಮ ಮಗನಿಗೆ ಷಾರ್ಲೆಟ್, ಅಟ್ಲಾಂಟಾ ಕಡೆ ಸೇತುವೆಯ ಕೆಲಸ ಬಿದ್ದಾಗಲೆಲ್ಲ ನಾನೂ ಕಾರು ಹತ್ತುತ್ತಿದ್ದೆ. ಹಿಂದಿನ ಸೀಟಿನಲ್ಲಿ ಪಿಟೀಲು, ಅದರ ಪಕ್ಕ ಚಿತ್ರಾನ್ನದ ಡಬ್ಬಿ, ಮೊಸರನ್ನ, ನೀವು ಕಳಿಸಿದ ಉಪ್ಪಿನಕಾಯಿ. ವರ್ಜೀನಿಯಾ ದಾಟಿದಮೇಲೆ ಪೈನ್ ಮರಗಳ ನಡುವೆ ರಸ್ತೆ ನೀಟಾಗಿ ಬಿದ್ದುಕೊಂಡಿರುತ್ತಿತ್ತು, ನಾನು ಹೊಸ ಹಾಡುಗಳನ್ನು ಸರಿಗಮದಲ್ಲಿ ಗುನುಗಿ ಬಾಯಿಪಾಠ ಮಾಡುತ್ತಿದ್ದೆ. “ಇದನ್ನ ಆಗ್ಲೇ ಹಾಡಿದ್ಯಲ್ಲ,” ಅನ್ನುತ್ತಿದ್ದರು ನಿಮ್ಮ ಮಗ. “ಇದು ಬೇರೆ ರೀ!” “ಸರಿ, ಬೇರೆ.” ಸೇತುವೆ ಬಂದಾಗ ಮಾತ್ರ ನನ್ನನ್ನು ಸುಮ್ಮನಿರಿಸಿ ಅದರ ಕಂಬಗಳನ್ನು ಹೊಗಳುತ್ತಿದ್ದರು. ಷಾರ್ಲೆಟ್‌ನಲ್ಲಿ ನಾವು ಉಳಿಯುತ್ತಿದ್ದ ಕನ್ನಡದವರ ಮನೆಯ ಆಂಟಿ ಪಿಟೀಲು ನೋಡಿ, ಎಲ್ಲಿ ಕಛೇರಿ ಅಂತ ಕೇಳುತ್ತಿದ್ದರು. “ಒಂದು ಚಿಕ್ಕ ಗೋಷ್ಠಿ ಆಂಟಿ,” ಅನ್ನುತ್ತಿದ್ದೆ. ಗೋಷ್ಠಿಯಿಂದ ಬಂದವಳ ಶಾಲು ಸಿಗರೇಟು ವಾಸನೆ ಹೊಡೆಯುತ್ತಿತ್ತು. ಅವರು ದೊಡ್ಡವರು, ಕೇಳಲಿಲ್ಲ.

ಬೇರೆ ಊರಿನ ಸೆಷನ್‌ಗೆ ಹೋದರೆ ಮೊದಲು ಹೊರಸುತ್ತಿನಲ್ಲಿ ಕೂರಬೇಕು. ಸ್ವಲ್ಪ ಹೊತ್ತಾದಮೇಲೆ ಯಾರಾದರೂ, ‘ದೂರದಿಂದ ಬಂದಿದ್ದೀರಿ, ಒಂದು ಶುರು ಮಾಡಿ’ ಅನ್ನುತ್ತಾರೆ. ಅದು ಮರ್ಯಾದೆ. ಅಟ್ಲಾಂಟಾದಲ್ಲಿ ಮೊದಲ ಸಲ ಹೋದಾಗ ನನಗೆ ಗೊತ್ತಿದ್ದ ಹಾಡುಗಳನ್ನೆಲ್ಲ ಅವರು ಆಗಲೇ ನುಡಿಸಿ ಮುಗಿಸಿದ್ದರು. ಕಾನ್ಸರ್ಟೀನಾ ಹಿಡಿದ ಒಬ್ಬ ಗಡ್ಡದವರು ನನ್ನ ಕಡೆ ತಿರುಗಿ, ನಿಮ್ಮದೊಂದು ಆಗಲಿ ಅಂದರು. ನನ್ನ ತಲೆ ಖಾಲಿ. ಬಿಲ್ಲು ತಂತಿಯ ಮೇಲಿತ್ತು. ಕೈ ತಾನಾಗಿ ನಿಮ್ಮಮ್ಮನ ಹಾಡು ಹಿಡಿಯಿತು.

ಅದು ಎಷ್ಟು ಚೆನ್ನಾಗಿ ಕೂತಿತು ಅಂದರೆ! ಅವರಲ್ಲಿ ಜಿಗ್ ಅಂತ ಒಂದು ಕುಣಿತದ ಗತ್ತು ಇದೆ, ಮೂರು ಮೂರು ಎಣಿಕೆಯಲ್ಲಿ ಕುಪ್ಪಳಿಸಿಕೊಂಡು ಹೋಗುವುದು. ನಮ್ಮ ಉರುಟಣೆ ಹಾಡಿನ ನಡೆಯೂ ಅದೇ. ಸ್ವಲ್ಪ ಚುರುಕು ಮಾಡಿದೆ ಅಷ್ಟೆ. ಎರಡನೆಯ ಆವರ್ತಕ್ಕೆ ಕೊಳಲು ಸೇರಿತು, ಆಮೇಲೆ ಬ್ಯಾಂಜೊ, ಆಮೇಲೆ ಎಲ್ಲರೂ. ಮದುಮಗನ ಕೈ ನಡುಗುವ ಜಾಗ ಬಂದಾಗ ಒಬ್ಬರು “ಹಪ್!” ಅಂತ ಕೂಗಿದರು. ಮಾತು ಗೊತ್ತಿಲ್ಲದೆಯೂ ನಗುವ ಜಾಗ ಅವರಿಗೆ ಸಿಕ್ಕಿತ್ತು. ನನಗೆ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೆ.

ಹಾಡು ನಿಂತಮೇಲೆ ಗಡ್ಡದವರು ಕೇಳಿದರು: “ಅದ್ಭುತವಾದ ಜಿಗ್. ಯಾರಿಂದ ಬಂತು ನಿಮಗೆ?”

ಹೇಳಬೇಕಾದದ್ದು ಒಂದು ಹೆಸರು. ನಾಲಿಗೆಯ ತುದಿಯಲ್ಲಿತ್ತು. ಆದರೆ ಭಾಗೀರಥಮ್ಮ ಅಂದರೆ ಇದು ಐರಿಷ್ ಹಾಡಲ್ಲ ಅಂತಾಗುತ್ತದೆ, ಮೇಜಿನ ಸುತ್ತ ಒಂದು ಸಣ್ಣ ಮೌನ ಬೀಳುತ್ತದೆ, ಆಮೇಲೆ ಎಲ್ಲರೂ ತುಂಬ ಸೌಜನ್ಯದಿಂದ, ‘ಓ, ನಿಮ್ಮ ದೇಶದ್ದೇ’ ಅನ್ನುತ್ತಾರೆ, ನಾನು ಮತ್ತೆ ಹೊರಸುತ್ತಿಗೆ — ಇಷ್ಟೆಲ್ಲ ಒಂದು ಕ್ಷಣದಲ್ಲಿ ತಲೆಯಲ್ಲಿ ಓಡಿತು. ಅವರು ಹಾಗೆ ಮಾಡುತ್ತಿದ್ದರು ಅಂತ ಹೇಳಲಾರೆ. ಮಾಡಲು ನಾನು ಅವಕಾಶವನ್ನೇ ಕೊಡಲಿಲ್ಲ, ಅಷ್ಟೆ. ನನ್ನ ಬಾಯಿಂದ ಬಂದದ್ದು, “ಬಾಲ್ಟಿಮೋರ್‌ನಲ್ಲಿ ಒಬ್ಬ ಮುದುಕರಿಂದ. ಡಗನ್ ಅಂತ.” ಡಗನ್ ಅನ್ನುವುದು ಹಿಂದಿನ ವಾರ ನಮ್ಮ ಸಿಂಕ್ ರಿಪೇರಿಗೆ ಬಂದಿದ್ದ ಪ್ಲಂಬರ್ ಹೆಸರು.

“ಡಗನ್ಸ್ ಜಿಗ್!” ಅಂದರು ಗಡ್ಡದವರು. ಎಲ್ಲರೂ ತಲೆಯಾಡಿಸಿದರು. ಹಾಡಿಗೆ ಹೆಸರು ನಿಂತುಬಿಟ್ಟಿತು.

ಆಮೇಲಿನದು ತಮಾಷೆಯಾಗಿಯೇ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಈ ಜನ ಊರಿಂದೂರಿಗೆ ತಿರುಗುವವರು. ಹಾಡು ಅವರ ಜೊತೆ ತಿರುಗಿತು. ನಾವು ಮತ್ತೊಮ್ಮೆ ಷಾರ್ಲೆಟ್‌ಗೆ ಹೋಗುವಷ್ಟರಲ್ಲಿ ಅದು ನನಗಿಂತ ಮೊದಲೇ ಅಲ್ಲಿ ಹೋಗಿ ಕೂತಿತ್ತು. ಡಗನ್ ಹಡಗಿನಲ್ಲಿ ಬಂದವನಂತೆ. ರೈಲ್ವೆಯಲ್ಲಿ ಕೆಲಸ ಮಾಡುವಾಗ ಎರಡು ಬೆರಳು ಕಳೆದುಕೊಂಡನಂತೆ, ಅದಕ್ಕೇ ಹಾಡಿನ ಎರಡನೆಯ ಭಾಗದಲ್ಲಿ ಸ್ವರ ಕಡಿಮೆಯಂತೆ. ಇನ್ನೊಂದು ಕಡೆ ಅವನಿಗೆ ಒಬ್ಬಳು ಹೆಂಡತಿಯನ್ನೂ ಕೊಟ್ಟಿದ್ದರು. ವಾಷಿಂಗ್ಟನ್‌ನ ನಮ್ಮ ಸೆಷನ್ನಿನಲ್ಲಿ ಒಬ್ಬ ಹೆಂಗಸು, ತನ್ನ ಚಿಕ್ಕಪ್ಪನಿಗೆ ಡಗನ್ ಚೆನ್ನಾಗಿ ಗೊತ್ತು, ಮಹಾ ಮುಂಗೋಪಿ ಅಂದಳು. ಒಂದು ಭಾನುವಾರ ಎಲ್ಲರೂ ಎದ್ದು ನಿಂತು ಡಗನ್ ಹೆಸರಿನಲ್ಲಿ ಗ್ಲಾಸು ಎತ್ತಿದರು. ನಾನೂ ನನ್ನ ಜಿಂಜರ್ ಏಲ್, ಅಂದರೆ ಶುಂಠಿ ಸೋಡಾ, ಎತ್ತಿದೆ. ನಿಮ್ಮ ಮಗ ಫ್ರೈಸ್ ತಿನ್ನುತ್ತ, ಯಾರು ತೀರಿಕೊಂಡಿದ್ದು ಅಂತ ಮೆಲ್ಲಗೆ ಕೇಳಿದರು. ಮನೆಗೆ ಬಂದು ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಆಗ ಇದನ್ನು ತಪ್ಪು ಅಂತ ನಾನು ಕರೆಯುತ್ತಿರಲಿಲ್ಲ.

ಆಮೇಲೆ ನೀವು ಎರಡನೆಯ ಸಲ ಬಂದಿರಿ.

ಸೊಸೆ ವಾರ ವಾರ ಎಲ್ಲಿಗೆ ಹೋಗುತ್ತಾಳೆ ಅಂತ ನೋಡಬೇಕು ಅಂದಿರಿ. ರೇಷ್ಮೆ ಅಂಚಿನ ಸೀರೆ, ಅದರ ಮೇಲೆ ಮಗನ ಜಾಕೆಟ್ಟು, ಕಾಲಿಗೆ ಬಿಳಿ ಸ್ನೀಕರ್ಸ್. ಪಬ್ಬಿನ ಒಳಗೆ ಕಾಲಿಟ್ಟು ಸುತ್ತ ನೋಡಿ, “ಇಷ್ಟೇನಾ? ನಮ್ಮ ಕಾಫಿ ಹೋಟೆಲ್ ಇದ್ದ ಹಾಗೇ ಇದೆ, ಸ್ವಲ್ಪ ನಾತ,” ಅಂದಿರಿ. ಚೀಲದಿಂದ ಕೋಡುಬಳೆ ತೆಗೆದು ಎಲ್ಲರಿಗೂ ಹಂಚಿದಿರಿ. ಬ್ಯಾಂಜೊದವನ ಬೆರಳೆಲ್ಲ ಎಣ್ಣೆಯಾಗಿ ಅವನು ಒಂದು ಹಾಡು ಸುಮ್ಮನೆ ಕೂರಬೇಕಾಯಿತು. ಮಾರೀನ್ ನಿಮ್ಮನ್ನು ಒಳಸುತ್ತಿನಲ್ಲೇ ಕೂರಿಸಿದಳು. ಕಿತ್ತಲೆ ರಸ ಕುಡಿಯುತ್ತ ನೀವು ತೊಡೆಯ ಮೇಲೆ ತಾಳ ಹಾಕುತ್ತಿದ್ದಿರಿ. ಎಷ್ಟು ಚೆನ್ನಾಗಿ ಕಾಣುತ್ತಿದ್ದಿರಿ ಅತ್ತೆ, ಅವತ್ತು.

ನನಗೆ ಒಳಗೊಳಗೇ ಭಯ. ಯಾರೂ ಅದನ್ನು ಶುರು ಮಾಡದಿರಲಿ — ಅಂದುಕೊಳ್ಳುತ್ತಿರುವಾಗಲೇ ಷಾರ್ಲೆಟ್ ಕಡೆಯಿಂದ ಬಂದ ಅತಿಥಿಗೆ, ಒಂದು ಆಗಲಿ ಅಂದರು. ಅವನು ಡಗನ್ಸ್ ಜಿಗ್ ಎತ್ತಿಕೊಂಡ.

ನಿಮ್ಮ ಕೈ ತಾಳದ ಮಧ್ಯೆ ನಿಂತಿತು. ಆಮೇಲೆ ನಿಮ್ಮ ಮುಖ ಅರಳಿದ್ದು — ಅದನ್ನು ನಾನು ಮರೆತಿಲ್ಲ. ನೀವು ಹಾಡತೊಡಗಿದಿರಿ. ಅಷ್ಟು ವಾದ್ಯಗಳ ನಡುವೆ ಕನ್ನಡದಲ್ಲಿ, ಕೈಯೇಕೆ ನಡುಗುತ್ತೆ ಮದುಮಗನೆ ಅಂತ. ಒಂದಕ್ಷರ ಆಚೀಚೆ ಆಗದೆ ಕೂತಿತು. ಎಲ್ಲರೂ ನುಡಿಸುತ್ತಲೇ ನಿಮ್ಮ ಕಡೆ ತಿರುಗಿದರು. ಹಾಡು ಮುಗಿದದ್ದೇ ನೀವು ನನ್ನ ತೋಳು ಹಿಡಿದಿರಿ.

“ಸುನಂದಾ, ಇದು ನಮ್ಮಮ್ಮನ ಹಾಡು ಕಣೇ! ಇವರಿಗೆ ಹೇಗೆ ಬಂತು?”

ಆ ಕಡೆಯಿಂದ ಮಾರೀನ್, “ನಿಮ್ಮ ಅತ್ತೆ ಏನು ಹೇಳುತ್ತಿದ್ದಾರೆ?” ಅಂದಳು.

ಇಬ್ಬರ ಮಧ್ಯೆ ನಾನೊಬ್ಬಳೇ. ಸಂಗೀತ ಗೊತ್ತಿದ್ದವರಿಗೆ ಕನ್ನಡ ಬರದು. ಕನ್ನಡ ಗೊತ್ತಿದ್ದ ನಿಮ್ಮ ಮಗನಿಗೆ ಸ್ವರ ತಿಳಿಯದು, ಅವರು ನಗುತ್ತ ಕೂತಿದ್ದರು. ನಾನು ಏನು ಹೇಳಿದರೆ ಅದೇ ನಿಜ. ಮಾರೀನ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದೆ, “ಊರಿನ ನೆನಪಾಯಿತಂತೆ, ಏನೋ ಹಾಡಿಕೊಂಡರು.” ನಿಮ್ಮ ಕಡೆ ತಿರುಗಿ ಹೇಳಿದೆ — “ಇಲ್ಲ ಅತ್ತೆ. ಇದು ಇವರದ್ದೇ ಹಳೇ ಹಾಡು. ಎಷ್ಟೋ ತಲೆಮಾರಿಂದ ನುಡಿಸ್ತಾರೆ.”

ನೀವು ನನ್ನ ತೋಳು ಬಿಟ್ಟಿರಿ. ಕಿತ್ತಲೆ ರಸದ ಗ್ಲಾಸನ್ನು ದೂರ ಸರಿಸಿದಿರಿ.

“ಹೌದಾ? ಹಾಗಾದ್ರೆ ಅಮ್ಮ ಎಲ್ಲೋ ಕೇಳಿರ್ಬೇಕು. ಚಿಕ್ಕವಳಿದ್ದಾಗ ಮೈಸೂರಲ್ಲಿ ಪಾರ್ಕಿಗೆ ಬ್ಯಾಂಡ್ ಕೇಳೋಕೆ ಹೋಗ್ತಿದ್ಲಂತೆ. ನಾವೆಲ್ಲ ಅವಳೇ ಕಟ್ಟಿದ್ದು ಅಂದ್ಕೊಂಡಿದ್ವಿ.” ಆಮೇಲೆ, ತುಂಬ ಮೆಲ್ಲಗೆ: “ಅವಳೂ ಹಾಗೇ ಹೇಳ್ತಿದ್ಲಲ್ಲ…”

ಆ ಕ್ಷಣದಲ್ಲಾದರೂ — ಬಾಯಿ ತೆರೆದೆ. ಮುಂದಿನ ಹಾಡು ಶುರುವಾಯಿತು. ನಾನು ಪಿಟೀಲು ಎತ್ತಿಕೊಂಡೆ. ನಿಜ ಹೇಳಬೇಕೆಂದರೆ ಹಾಡು ಶುರುವಾದದ್ದು ನನಗೆ ಸಮಾಧಾನವೇ ಆಗಿತ್ತು.

ನಿಮಗೆ ಮುಪ್ಪಿನಲ್ಲಿ ನಿಮ್ಮ ಅಮ್ಮ ಒಬ್ಬ ಸುಳ್ಳುಗಾರ್ತಿ ಅನ್ನಿಸುವ ಹಾಗೆ ಮಾಡಿದೆ. ಅಷ್ಟು ಮಾಡಿದ್ದೂ ಒಂದು ಮೇಜಿನ ಸುತ್ತ ಒಂದು ಕುರ್ಚಿಗಾಗಿ. ಅದೂ ಕುರ್ಚಿಯಲ್ಲ, ಕಾರ್ಪೆಟ್ಟಿನ ಮೇಲೆ ಒಂದು ಜಾಗ.

ಆ ದಶಕ ಮುಗಿಯುವ ಹೊತ್ತಿಗೆ ಶಿವಮೊಗ್ಗದಲ್ಲಿ ನಾದಿನಿಯ ಮಗಳ ಮದುವೆ. ನಾವು ಹೋಗಿದ್ದೆವು. ಉರುಟಣೆಯ ಹೊತ್ತಿಗೆ ಹೆಂಗಸರೆಲ್ಲ ನಿಮ್ಮನ್ನು ಸುತ್ತಿಕೊಂಡು, ಭಾಗೀರಥಮ್ಮನ ಹಾಡು ಆಗ್ಲೇಬೇಕು ಅಂತ ಪೀಡಿಸಿದರು. ನೀವು ಕೈ ಆಡಿಸಿಬಿಟ್ಟಿರಿ. “ಅದು ನಮ್ಮದಲ್ಲ ಬಿಡ್ರೇ. ಬಿಳಿಯರದ್ದು. ಅಮ್ಮ ಎಲ್ಲೋ ಕೇಳ್ಕೊಂಡು ಬಂದು ನಂದು ಅಂದ್ಲು. ನಮ್ಮ ಸುನಂದಾ ಅಲ್ಲೇ ಹೋಗಿ ಎಲ್ಲಾ ತಿಳ್ಕೊಂಡಿದಾಳೆ, ಬೇಕಾದ್ರೆ ಕೇಳಿ.” ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಕೈಯಲ್ಲಿ ಅರಿಸಿನದ ಬಟ್ಟಲಿತ್ತು.

ಹೂಂ ಅಂದೆ.

ಪಬ್ಬಿನಲ್ಲಿ ಹೇಳಿದ ಸುಳ್ಳಿಗಿಂತ ಈ ಹೂಂ ದೊಡ್ಡದು. ಅಲ್ಲಿ ನನ್ನನ್ನು ಹೊರಸುತ್ತಿಗೆ ದಬ್ಬುವವರು ಯಾರೂ ಇರಲಿಲ್ಲ. ನನ್ನ ಜನವೇ ಇದ್ದರು, ನಿಮ್ಮ ಜನ. ಯಾರೋ ಬೇರೆ ಹಾಡು ಎತ್ತಿದರು. ನೀವೂ ಸೇರಿಕೊಂಡು ನಗುನಗುತ್ತಲೇ ಹಾಡಿದಿರಿ. ಆದರೆ ಅದಾದಮೇಲೆ ಆ ಹಾಡನ್ನು ನೀವು ಹಾಡಿದ್ದು ನಾನು ಕೇಳಿಲ್ಲ. ಫೋನಿನಲ್ಲಿ ನಾದಿನಿಯನ್ನು ಸುತ್ತಿ ಬಳಸಿ ಕೇಳಿದ್ದೇನೆ — “ಇಲ್ಲ ಅತ್ತಿಗೆ, ಅಮ್ಮ ಈಗ ಅದನ್ನ ಹಾಡೋದೇ ಇಲ್ಲ,” ಅನ್ನುತ್ತಾಳೆ.

ಹೋದ ತಿಂಗಳು ಮಾರೀನ್‌ಗೆ ಎಲ್ಲ ಹೇಳಿದೆ. ಅವಳ ಕೂದಲೂ ಈಗ ಪೂರ್ತಿ ಬಿಳಿ. ಪ್ಲಂಬರ್ ವಿಷಯ ಬಂದಾಗ ಅವಳು ಮೇಜು ಬಡಿದು ಬಡಿದು ನಕ್ಕಳು, ಕಣ್ಣು ಒರೆಸಿಕೊಂಡಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: “ಅವತ್ತು ನಿನ್ನ ಅತ್ತೆ ಏನು ಹೇಳಿದರು ಅಂತ ನಾನು ನಿನ್ನನ್ನೇ ಕೇಳಿದ್ದೆ, ಸುನಂದಾ.” ಅವಳು ಮತ್ತೇನೂ ಬೈಯಲಿಲ್ಲ. ನಿಮ್ಮಮ್ಮನ ಹೆಸರು ಕೇಳಿ, ಬಾಯಿಗೆ ಬರುವವರೆಗೆ ಹೇಳಿಸಿಕೊಂಡಳು. ಬಾಗಿರತಮ್ಮ ಅಂತ ಬಂತು. ಪರವಾಗಿಲ್ಲ, ಅಭ್ಯಾಸ ಮಾಡುತ್ತಿದ್ದಾಳೆ.

ಆ ಭಾನುವಾರ ಸೆಷನ್ನಿನಲ್ಲಿ ನಾನೇ ಎಲ್ಲರ ಮುಂದೆ ಹೇಳಿದೆ. ನಾನು ಅಂದುಕೊಂಡಿದ್ದ ಮೌನ ಬಿತ್ತು. ಆಮೇಲೆ ಒಬ್ಬರು, “ಹಾಗಾದರೆ ಮಾತು ಏನು, ಹಾಡಿ ಕೇಳೋಣ,” ಅಂದರು. ಅಷ್ಟೆ ಅತ್ತೆ. ಇಷ್ಟು ವರ್ಷ ನಾನು ಹೆದರಿದ್ದು ಇಷ್ಟಕ್ಕೆ. ಹಾಡಿದೆ, ಒಬ್ಬಟ್ಟಿನ ಸಾಲನ್ನು ಬಿಡಿಸಿ ಹೇಳಿದೆ, ಮನಸಾರೆ ನಕ್ಕರು. ಚಿಕ್ಕಪ್ಪನಿಗೆ ಡಗನ್ ಗೊತ್ತು ಅಂದಿದ್ದ ಹೆಂಗಸು ಮಾತ್ರ ಮುನಿಸಿಕೊಂಡಿದ್ದಾಳೆ, ತನ್ನ ಚಿಕ್ಕಪ್ಪ ಸುಳ್ಳು ಹೇಳುವವರಲ್ಲವಂತೆ. ಷಾರ್ಲೆಟ್, ಅಟ್ಲಾಂಟಾ ಕಡೆ ಇನ್ನೂ ಡಗನ್ ಬದುಕಿದ್ದಾನೆ. ಅವನನ್ನು ಅಲ್ಲಿಂದ ಎಬ್ಬಿಸುವುದು ನನ್ನಿಂದ ಆಗುತ್ತದೋ ಇಲ್ಲವೋ. ಹೋದ ಕಡೆಯೆಲ್ಲ ಹೇಳುತ್ತೇನೆ.

ಮುಂದಿನ ವಾರ ಶಿವಮೊಗ್ಗಕ್ಕೆ ಬರುತ್ತಿದ್ದೇನೆ. ಅವತ್ತು ಉರುಟಣೆಯಲ್ಲಿದ್ದ ಹೆಂಗಸರನ್ನೆಲ್ಲ ಕರೆಸಲು ನಾದಿನಿಗೆ ಹೇಳಿದ್ದೇನೆ, ಯಾಕೆ ಅಂತ ಹೇಳಿಲ್ಲ. ನಿಮಗೆ ಈಗ ಕಿವಿ ಮಂದವಂತೆ. ಇದನ್ನು ನಿಮ್ಮ ಪಕ್ಕದಲ್ಲಿ ನೆಲದ ಮೇಲೆ ಕೂತು ನಾನೇ ಗಟ್ಟಿಯಾಗಿ ಓದುತ್ತೇನೆ, ಎಲ್ಲರಿಗೂ ಕೇಳಿಸುವ ಹಾಗೆ. ನೀವು ಕ್ಷಮಿಸಿ ಅಂತ ಕೇಳಲು ಬರುತ್ತಿಲ್ಲ. ನೀವು ಅವತ್ತು ಪಬ್ಬಿನಲ್ಲಿ ನನ್ನ ತೋಳು ಹಿಡಿದು ಒಂದು ಪ್ರಶ್ನೆ ಕೇಳಿದ್ದಿರಿ, ಅದಕ್ಕೆ ಉತ್ತರ ಕೊಡಲು ಬರುತ್ತಿದ್ದೇನೆ.

ಇವರಿಗೆ ಹೇಗೆ ಬಂತು ಅಂತ ಕೇಳಿದಿರಲ್ಲ, ಅತ್ತೆ. ಭಾಗೀರಥಮ್ಮನಿಂದ ನಿಮಗೆ ಬಂತು. ನಿಮ್ಮಿಂದ ನನಗೆ. ನಾನು ಹೆಸರು ಹೇಳದೆ ಕೊಟ್ಟುಬಿಟ್ಟೆ.